ದೊಡ್ಡವ್ವನ ದೊಡ್ಡ ಫೋಟೊ

ನಮ್ಮ ಕಡೆ ದೊಡ್ಡ ಫೋಟೊ ಗೋಡೆ ಏರಬೇಕಾದರೆ ಮನುಷ್ಯ ಮೊದಲು ಮಣ್ಣಿಗಿಳಿಯಬೇಕು. ಬದುಕಿದ್ದವರ ಫೋಟೊ ತೂಗುಹಾಕಿದರೆ ಅಪಶಕುನ. ಅಂಥದ್ದರಲ್ಲಿ ಔರಾದದಿಂದ ಬಸ್ಸು ಹತ್ತಿ ಬೀದರಿನ ನಮ್ಮ ಮನೆಗೆ ಬಂದ ದೊಡ್ಡವ್ವ, ಚೀಲ ಕೆಳಗಿಡುವ ಮೊದಲೇ, "ನಂದೊಂದು ದೊಡ್ಡ ಫೋಟೊ ಮಾಡಿ ಕೊಡು. ಸಾಯೂಕಿಂತ ಮೊದ್ಲ ನಾ ನೋಡ್ಬೇಕು" ಅಂದಳು.

ಕಾರಣ ಆ ಚೀಲದಲ್ಲೇ ಇತ್ತು. ಆಕೆಯ ಮಗ, ನನಗೆ ಅಣ್ಣನಾಗಬೇಕು, ಭಾರಿ ಮುಂದಾಲೋಚನೆಯ ಮನುಷ್ಯ. ಭಾಲ್ಕಿಯ ಒಂದು ಸ್ಟುಡಿಯೊದಲ್ಲಿ ಅವ್ವನ ಫೋಟೊ ಕಂಪ್ಯೂಟರಿನಲ್ಲಿ ತಿದ್ದಿಸಿ, ಕಟ್ಟು ಹಾಕಿಸಿ, ಬಟ್ಟೆ ಸುತ್ತಿ ಕಪಾಟಿನ ಮೇಲೆ ಬಚ್ಚಿಟ್ಟಿದ್ದ. ದೊಡ್ಡವ್ವ ಅದನ್ನು ಪತ್ತೆ ಹಚ್ಚಿ ಹೊತ್ತು ತಂದಿದ್ದಳು. ಬಿಚ್ಚಿ ನೋಡಿದೆ. ಹಾಲಿನಂಥ ಬಣ್ಣ, ಬಾಯಿ ತುಂಬ ಹಲ್ಲು, ಜನ್ಮದಲ್ಲಿ ಉಟ್ಟಿರದ ರೇಷ್ಮೆ ಸೀರೆ.

"ಇಕಿ ಯಾರೋ ತಮ್ಮಾ? ನಾ ಸತ್ರ ಇಕಿಗಿ ಮಾಲಿ ಹಾಕ್ತಾರ. ನನಗ ಯಾರು ಹಾಕಬೇಕು?"

ನಗು ಬಂತು. ಆಕೆಯ ಕಣ್ಣಲ್ಲಿ ನೀರು ನೋಡಿ ನುಂಗಿಕೊಂಡೆ.

ನಾನು ಇನ್ನೂ ರೀಲು ಹಾಕಿ ಫೋಟೊ ತೆಗೆಯುವ, ಬಚ್ಚಲುಮನೆಯನ್ನೇ ಕತ್ತಲಕೋಣೆ ಮಾಡಿಕೊಂಡಿರುವ ಹುಚ್ಚ. ಬಳಸುವುದು ಫೈಬರ್ ಕಾಗದ. ಪ್ಲಾಸ್ಟಿಕ್ ಲೇಪವಿಲ್ಲದ್ದು, ಎಮ್ಮೆಯಂತೆ ನೀರು ಕುಡಿಯುತ್ತದೆ, ತಾಸುಗಟ್ಟಲೆ ತೊಳೆಯಬೇಕು. ಹೀಗಾಗಿ ನಳಕ್ಕೆ ನೀರು ಬರುವ ದಿನವೇ ನನ್ನ ಕೆಲಸ, ಅಂದು ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ದೊಡ್ಡ ಅಳತೆಯ ಹಾಳೆ ಒಂದೇ ಒಂದು ಉಳಿದಿತ್ತು. ಮತ್ತೆ ತರಿಸಲು ತಿಂಗಳುಗಟ್ಟಲೆ ಬೇಕು, ದೊಡ್ಡವ್ವ ಕಾಯುವ ಪೈಕಿ ಅಲ್ಲ.

ಅವತ್ತೇ ಇಳಿಬಿಸಿಲಿನಲ್ಲಿ, ಮುಖ ತೊಳೆದುಕೊಂಡು ಬಂದವಳನ್ನು ಹಿಡಿದು ಕೂರಿಸಿದೆ.

"ತಡಿ, ಇಬತ್ತಿ ಹಚ್ಕೋತೀನಿ" ಅಂದಳು.

"ಬಿಸಿಲು ಹೋಗ್ತದ, ಸುಮ್ನ ಕೂಡು" ಎಂದು ಗದರಿಸಿ ತೆಗೆದುಬಿಟ್ಟೆ. ಹುಟ್ಟಿದಾಗಿನಿಂದ ವಿಭೂತಿಯಿಲ್ಲದೆ ಹೊಸ್ತಿಲು ದಾಟದ ಹೆಂಗಸು. ನನಗೆ ಬುದ್ಧಿ ಎಲ್ಲಿತ್ತೋ.

ನೀರು ಬಂದ ದಿನ ಆಕೆಯೂ ಕತ್ತಲಕೋಣೆಯೊಳಗೆ ಬಂದು ಸ್ಟೂಲು ಹಿಡಿದು ಕೂತಳು. ಮೊದಲು ಒಂದು ಚಿಕ್ಕ ತುಂಡಿನ ಮೇಲೆ ಪರೀಕ್ಷೆ ಮಾಡಿದೆ. ಅದು ಮೂಡಿದ ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್ ದ್ರಾವಣದ ತಟ್ಟೆಯಲ್ಲಿ ತೇಲುತ್ತಿದ್ದಾಗ, ಕೆಂಪು ದೀಪದಲ್ಲಿ ಬಗ್ಗಿ ಬೆರಳಾಡಿಸಿದಳು.

"ಕೈ ಹಾಕಬ್ಯಾಡ ದೊಡ್ಡವ್ವ."

"ನನ್ನ ಮಾರಿ, ನನ್ನ ಕೈ. ನಿಂದೇನು ಹೋಗ್ತದ?"

ಆಮೇಲೆ ಆ ಒಂದೇ ಹಾಳೆಯನ್ನು ಚಿತ್ರ ಹಿಗ್ಗಿಸುವ ಎನ್‌ಲಾರ್ಜರಿನ ಕೆಳಗೆ ಹಾಸಿ ದೀಪ ಹಾಕಿದೆ. ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗಿ ದೊಡ್ಡವ್ವ ಕಾಗದದ ಮೇಲೆ ಬಿದ್ದಳು. ನಾನು ಗಡಿಯಾರ ನೋಡುತ್ತ ಸೆಕೆಂಡು ಎಣಿಸಿದೆ. ದೀಪ ಆರಿಸಿ ಹಾಳೆಯನ್ನು ಚಿತ್ರ ಮೂಡಿಸುವ ಡೆವಲಪರಿಗೆ ಇಳಿಸಿದೆ. ಹುಬ್ಬು ಬಂತು, ಮೂಗು ಬಂತು, ಬೊಚ್ಚುಬಾಯಿಯ ನಗು ಬಂತು. ಹಣೆಯೂ ಬಂತು, ಆದರೆ ಅದರ ಮೇಲೆ ಅಡ್ಡಕ್ಕೆ ಮೂರು ಪಟ್ಟಿ ಬೆಳ್ಳಗೇ ಉಳಿದವು.

"ಏನ್ ಮಾಡ್ದಿ?"

"ಬರೇ ಹಣಿ ಕಾಣಲತ್ತಿತ್ತು. ನೀ ಗಡಿಯಾರ ನೋಡೂ ಮುಂದ ಅವೇ ಹಸಿ ಬೆರಳು ಮೂರು ಎಳದೆ."

ಫಿಕ್ಸರ್ ತಾಗಿದ ಜಾಗ ಯಾವ ದೇವರು ಬಂದರೂ ಕಪ್ಪಾಗುವುದಿಲ್ಲ. ಇದ್ದೊಂದು ಹಾಳೆ ಹಾಳಾಯಿತೆಂದು ಸಿಟ್ಟು ನೆತ್ತಿಗೇರಿತು, ಹಿರಿಯಳೆನ್ನದೆ ಬಾಯಿಗೆ ಬಂದಂತೆ ಬೈದೆ. ಆಕೆ ತಟ್ಟೆಯಿಂದ ಕಣ್ಣು ಕೀಳಲಿಲ್ಲ.

"ಬೈಯಿ, ಬೈಯಿ. ಇಕಿ ನೋಡು. ಇಕಿ ಖರೇನೂ ನಾನೇ."

ತೊಳೆದು ಒಣಹಾಕಿದರೆ ಹಾಳೆ ಹಪ್ಪಳದಂತೆ ಸುರುಳಿ ಸುತ್ತಿಕೊಂಡಿತು. ಕೌದಿಗಳ ಕೆಳಗಿಟ್ಟು, ಶಿಕ್ಷೆಯೆಂದು ಆಕೆಯನ್ನೇ ಮೇಲೆ ಕೂರಿಸಿದೆ. ತನ್ನ ಮಾರಿಯ ಮೇಲೆ ತಾನೇ ಕೂತವಳು ಇಡೀ ಜಿಲ್ಲೆಯಲ್ಲಿ ತಾನೊಬ್ಬಳೇ ಎಂದು ಓಣಿಯ ಹೆಂಗಸರನ್ನೆಲ್ಲ ಕರೆದು ಹೇಳಿಕೊಂಡಳು.

ಔರಾದಕ್ಕೆ ಒಯ್ದು ಪಡಸಾಲೆಯ ಗೋಡೆಗೆ ನಾನೇ ಮೊಳೆ ಹೊಡೆದೆ. ಅಣ್ಣ ಹೊಲದಿಂದ ಬಂದ. ಅಪಶಕುನವೆಂದು ಕೂಗಾಡುತ್ತಾನೆ, ನಾನೂ ನಾಲ್ಕು ಮಾತು ಕೊಡಬೇಕೆಂದು ಸಜ್ಜಾಗಿದ್ದೆ. ಅವನು ನಿಂತು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಚಪ್ಪಲಿ ಕಳಚಿ, "ಯವ್ವಾ" ಎಂದು ಫೋಟೊಗೆ ಕೈಮುಗಿದುಬಿಟ್ಟ.

ಹಿಂದೆ ಹೊರಸಿನ ಮೇಲೆ ಕೂತಿದ್ದ ದೊಡ್ಡವ್ವ, "ಲೇ, ನಾ ಇನ್ನಾ ಇಲ್ಲೇ ಇದ್ದೀನಿ. ಮೊದ್ಲು ಚಾ ತಾ" ಅಂದಳು.