ಒಂದೇ ಸಲ ತಟ್ಟಿದರೆ ಸಾಕು

ಸಿಸಿಲಿಯ ಈ ಊರಲ್ಲಿ ಸಂತ ಜೋಸೆಫರ ಹಬ್ಬದ ದಿನ ಮೂವರು ಬಡವರು ಜೋಸೆಫ್, ಮರಿಯ, ಬಾಲಯೇಸುವಾಗಿ ಊಟಕ್ಕೆ ಬಂದು ಬಾಗಿಲು ತಟ್ಟುತ್ತಾರೆ. ಮನೆಯವರು ಎರಡು ಸಲ ಜಾಗವಿಲ್ಲವೆಂದು ಗದರಿ, ಮೂರನೆಯ ಸಲ ತೆರೆಯಬೇಕು. ಅದು ಸಂಪ್ರದಾಯ.

ನಾನು ದ್ರಾಕ್ಷಿ ತೋಟದ ಕೆಲಸ ಹುಡುಕಿಕೊಂಡು ಬಂದ ಪರವೂರಿನವನು. ಅಂಥದೊಂದು ಹಬ್ಬದ ದಿನ ಹೊಟ್ಟೆ ಹಸಿದಿತ್ತು. ಹುರಿದ ಮೀನಿನ ವಾಸನೆ ಹಿಡಿದು ಹೋಗಿ ನುನ್ಸಿಯಾತಾ ಅಜ್ಜಿಯ ಬಾಗಿಲು ತಟ್ಟಿದೆ.

"ಇಲ್ಲಿ ಜಾಗ ಇಲ್ಲ, ಹೋಗಿ ಆಚೆ!" ಎಂದು ಒಳಗಿನಿಂದ ಗದರಿದಳು. ಸಂಪ್ರದಾಯ ನನಗೇನು ಗೊತ್ತು? ಈ ಮನೆ ಹಾಳಾಗ ಎಂದು ಬೈದುಕೊಂಡು ಹೊರಟೆ.

ಎರಡನೆಯ ಸಲದ ಸದ್ದು ಕೇಳದೆ ಅಜ್ಜಿ ಕಿಟಕಿಯಲ್ಲಿ ಇಣುಕಿದಳಂತೆ. ಆ ದಿನ ಬಡಿಸುವವರು ಚಪ್ಪಲಿ ಮೆಟ್ಟುವುದಿಲ್ಲ; ಬರಿಗಾಲಲ್ಲೇ ಬೀದಿಗೆ ಓಡಿಬಂದು ನನ್ನ ತೋಳು ಹಿಡಿದಳು.

"ಅಯ್ಯೋ ಪುಣ್ಯಾತ್ಮ, ಇನ್ನೆರಡು ಸಲ ತಟ್ಟೋಕೆ ಕೈ ನೋಯ್ತಿತ್ತಾ ನಿಂಗೆ?" ಎಂದು ಬೈಯುತ್ತಲೇ ಕಣ್ಣೊರೆಸಿಕೊಂಡಳು. ಬಾಲಯೇಸುವಿಗಿಂತ ಮೊದಲು ನನಗೆ ಬಡಿಸಿದಳು.

ನಾನು ಈ ಊರಲ್ಲೇ ಉಳಿದೆ. ಹನ್ನೊಂದು ವರ್ಷದಿಂದ ಅವಳ ಮನೆಗೆ ಜೋಸೆಫ್ ನಾನೇ. ಉಂಡ ಮೇಲೆ ಚಪ್ಪಲಿ ಬಿಟ್ಟು, ಬಂದವರಿಗೆಲ್ಲ ಬಡಿಸುವವನೂ ನಾನೇ. ಆ ಅನ್ನದ ಋಣ ನನಗೆ ತೀರಿಸಬೇಕೆಂದೇ ಅನಿಸಿಲ್ಲ.

ಪ್ರತಿವರ್ಷ ಜೋಸೆಫನ ಕೋಲು ಹಿಡಿದು ಬಂದು ಒಂದು ಸಲ ತಟ್ಟುತ್ತೇನೆ. ಬಾಗಿಲು ತೆರೆದೇಬಿಡುತ್ತದೆ.

"ಅಜ್ಜಿ, ಇನ್ನೂ ಎರಡು ಸಲ ಬಾಕಿ!" ಎಂದು ನೆರೆಯವರು ಕೂಗುತ್ತಾರೆ.

"ನಾನು ಇವನನ್ನ ಒಂದ್ಸಲ ಓಡಿಸಿದ್ದೇ ಸಾಕು. ನೀನು ಒಳಗೆ ಬಾರೋ, ಊಟ ಆರ್ತಿದೆ."