ಧನಪಾಲರು ನೋಡಿದ ಎದೆಗಳು

ಖಾನಾಪುರದ ಬಸ್ ನಿಲ್ದಾಣದ ಎದುರಿನ ಕಿರಾಣಿ ಅಂಗಡಿಯಲ್ಲಿ ಧನಪಾಲರು ಸಕ್ಕರೆ ತೂಗುತ್ತ ತೂಗುತ್ತಲೇ ಜನರ ಎದೆಯ ಎಕ್ಸ್‌ರೇ ಓದುತ್ತಿದ್ದರು. ಯಾರೂ ಕಲಿಸಿರಲಿಲ್ಲ. ಕರೋನಾ ವರ್ಷ ಕೆಮ್ಮಿ ಕೆಮ್ಮಿ ತಾವೂ ಒಂದು ತೆಗೆಸಿಕೊಂಡಿದ್ದರು, ಅಷ್ಟೇ ವಿದ್ಯೆ. ಬೆಳಗಾವಿಯಲ್ಲಿ ಎದೆಯ ಫೋಟೋ ತೆಗೆಸಿ ಬಸ್ಸಿಳಿದವರು ಡಾಕ್ಟರಿಗಿಂತ ಮೊದಲು ಇವರಿಗೆ ತೋರಿಸುವುದು ವಾಡಿಕೆ. ಧನಪಾಲರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ದೀರ್ಘವಾಗಿ "ಹೂಂ" ಎಂದು ತೀರ್ಪು ಕೊಡುವರು: "ಸ್ವಚ್ಛ ಐತಿ. ಶುಂಠಿ ಕಷಾಯ ಕುಡೀರಿ." ಶುಂಠಿ ಅದೇ ಅಂಗಡಿಯಲ್ಲಿ ಸಿಗುತ್ತಿತ್ತು.

ಈಗ ಕೆಮ್ಮು ಅವರಿಗೇ ಮರಳಿತ್ತು. ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ರಸಿಕಾ ಹೊಸ ಎಕ್ಸ್‌ರೇಯ ಮೇಲ್ಭಾಗದ ಬಿಳಿ ಕಲೆಯ ಮೇಲೆ ಬೆರಳಿಟ್ಟರು.

"ಹಳೇದರಾಗೂ ಇದು ಹಿಂಗಽ ಇದ್ರ ಚಿಂತಿಲ್ರಿ ಕಾಕಾ, ಹಳೇ ಗಾಯದ ಗುರುತು. ಹೊಸಾದಾದ್ರ ಸೂಜಿ ಹಾಕಿ ತುಣುಕು ತಗದು ನೋಡಬೇಕು, ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗಬೇಕಲ್ಲ. ಹಳೇ ಫೋಟೋ ತಂದೀರೇನ್ರಿ?"

ಹೆಂಡತಿ ರತ್ನಮಾಲಾ ಅಳುಕುತ್ತ ಚೀಲದಿಂದ ತೆಗೆದರು. ಕಲೆ ಇರಬೇಕಾದ ಜಾಗದಲ್ಲೇ ಕಮಲದಾಕಾರದ ತೂತು. ದೀಪಾವಳಿ ರಂಗೋಲಿಯ ಅಚ್ಚಿಗೆಂದು ಕತ್ತರಿಸಿದ್ದು; ಅಂಚಿಗೆ ಇನ್ನೂ ಗುಲಾಬಿ ಪುಡಿ ಅಂಟಿತ್ತು.

"ನೀವಽ ಅಂದಿದ್ರೆಲ್ಲ, ಸ್ವಚ್ಛ ಐತಿ, ಕತ್ತರಿಸ್ಕೋ ಅಂತ!" ಎಂದು ರತ್ನಮಾಲಾ ಗಂಡನನ್ನೇ ದುರುಗುಟ್ಟಿ ನೋಡಿದರು.

"ಹೋಗ್ಲಿ ಬಿಡ್ರಿ," ಎಂದ ಡಾಕ್ಟರು ಧನಪಾಲರತ್ತ ತಿರುಗಿದರು. "ಕಾಕಾ, ನೀವು ನೋಡೀರೆಲ್ಲ, ಆವಾಗ ಈ ಕಲಿ ಇತ್ತೇನು?"

'ಇತ್ತು' ಅಂದರೆ ಸೂಜಿ ತಪ್ಪೀತು. ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಧನಪಾಲರು ಅದನ್ನು ನುಂಗಿಕೊಂಡರು.

"ಗೊತ್ತಿಲ್ರಿ. ಬಿಳೀದ್ಯಾಕ, ಕರೀದ್ಯಾಕ, ನನಗ ಎಂದೂ ತಿಳಿದಿಲ್ಲ. ಮಂದಿ ಅಂಜಿ ಬಂದಿರ್ತಾರ. ಸ್ವಚ್ಛ ಅಂದ್ರ ನಕ್ಕೋತ ಹೋಗ್ತಾರ."

"ಹಂಗಾರ ಸೋಮವಾರ ಬರ್ರಿ. ಸೂಜಿ ಹಾಕೂಣು."

ಊರಿಗೆ ಮರಳುವ ರೈಲು ದೇಸೂರ ದಾಟುವಾಗ ಧನಪಾಲರು ಸೂಜಿಯ ಉದ್ದವನ್ನು ಊಹಿಸುತ್ತ ಕೂತಿದ್ದರು. ಅಷ್ಟರಲ್ಲಿ ಮೊನ್ನೆ ಅಂಗಡಿಗೆ ಬಂದಿದ್ದ ಫಕೀರವ್ವ ನೆನಪಾದಳು. ಅವಳ ಫೋಟೋದಲ್ಲೂ ಇಂಥದೇ ಬಿಳಿ ಇತ್ತಲ್ಲವೆ? ಕೂತಲ್ಲಿಂದಲೇ ಅವಳ ಮಗ ಬಾಳೇಶನಿಗೆ ಫೋನು ಹಚ್ಚಿದರು.

"ನಿಮ್ಮವ್ವನ ಫೋಟೋ ಡಾಕ್ಟರಿಗೆ ತೋರ್ಸಿದೇನಪಾ?"

"ಯಾಕ್ರಿ ಕಾಕಾ? ನೀವಽ ಸ್ವಚ್ಛ ಐತಿ ಅಂದ್ರೆಲ್ಲ! ಶುಂಠಿ ಕುಡ್ಯಾಕತ್ತಾಳ."

ಅವನ ಬೆನ್ನ ಹಿಂದೆ ಫಕೀರವ್ವ ಕೆಮ್ಮುವುದು ಕೇಳಿಸಿತು. ಧನಪಾಲರಿಗೆ ತಮ್ಮ ಸೂಜಿ ಮರೆತುಹೋಯಿತು.

"ನಾಳಿ ಮುಂಜಾನೆ ಅವ್ವನ್ನ ತಯಾರ ಮಾಡು. ನಾನಽ ಕರಕೊಂಡು ಹೋಗ್ತೀನಿ. ಮತ್ತ ಆ ಫೋಟೋಕ್ಕ ಯಾರೂ ಕತ್ತರಿ ಮುಟ್ಟಸಬ್ಯಾಡ್ರಿ!"