ಪುಕ್ಕಟೆ ಸೀಟು

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ವೆಲ್ಡಿಂಗ್ ಕಲಿತೆ, ಮರಾಠಿ ಸೀಮೆಯ ತಳೇಗಾಂವದ ಕಾರಖಾನೆಯೊಂದರಲ್ಲಿ ಗುತ್ತಿಗೆ ಕೆಲಸ ಹಿಡಿದೆ, ತೊಂಬತ್ತರ ದಶಕದ ಕೊನೆಗೆ ಯಾರ ಮುಂದೂ ಕೈಯೊಡ್ಡದೆ ಹಳೆಯ ಕಾರೊಂದನ್ನು ಕೊಂಡೆ.

ಕೊಳ್ಳುವುದು ಒಂದು ಸಲದ ಮಾತು. ಮನೆಯಿದ್ದ ಕೋಥರೂಡದಿಂದ ತಳೇಗಾಂವಕ್ಕೆ ದಿನಾ ಹೋಗಿ ಬರುವ ಪೆಟ್ರೋಲು ಮಾತ್ರ ಜೀವ ಹಿಂಡುತ್ತಿತ್ತು. ಮನೆಯಲ್ಲೂ ನನ್ನದು ಅದೇ ಕಾಟ: ಗೀಜರ್ ಹಚ್ಚಿದರೆ ಕೂಗಾಟ, ಖಾಲಿ ಖೋಲಿಯಲ್ಲಿ ಫ್ಯಾನು ತಿರುಗಿದರೆ ಸಿಟ್ಟು. ಅದಕ್ಕೇ ಅದೇ ಕಾರಖಾನೆಗೆ ಹೋಗುವ ಇಬ್ಬರನ್ನು ಗಾಡಿಗೆ ಹತ್ತಿಸಿಕೊಂಡೆ. ಒಬ್ಬರು ಗುಲ್ಬರ್ಗ ಕಡೆಯ ಸ್ಟೋರ್‌ಕೀಪರ್, ವಯಸ್ಸಿನಲ್ಲಿ ಹಿರಿಯರು, ನಮಗೆ ಕಾಕಾ. ಇನ್ನೊಬ್ಬ ಧಾರವಾಡದ ಕ್ಲರ್ಕು, ಬಾಯಿಬಡಕ. ಪೆಟ್ರೋಲಿಗೆ ಮೂವರದೂ ಸಮಪಾಲು.

ಕಾಕಾ ಒಂದು ಕಾಯ್ದೆ ಮಾಡಿದರು. ಗಾಡಿಯೊಳಗೆ ಬರೀ ಕನ್ನಡ. ಮರಾಠಿ ಬಾಯಿಗೆ ಬಂದರೆ ದಂಡ, ದಂಡದ ರೊಕ್ಕ ಪೆಟ್ರೋಲಿಗೆ. ಒಮ್ಮೆ ಟ್ರಾಫಿಕ್ ಪೊಲೀಸ ಗಾಡಿ ನಿಲ್ಲಿಸಿದಾಗ ಕ್ಲರ್ಕು ಅವನಿಗೆ ಮರಾಠಿಯಲ್ಲಿ ಉತ್ತರ ಕೊಟ್ಟ.

"ತೆಗಿ ದಂಡ," ಅಂದರು ಕಾಕಾ.

"ಪೊಲೀಸ ಹೊರಗ ನಿಂತಿದ್ದನಲ್ರಿ!"

"ನಿನ್ನ ಬಾಯಿ ಎಲ್ಲಿತ್ತಪಾ?"

ನನ್ನ ಉಳಿತಾಯವನ್ನೂ ಬಿಡುತ್ತಿರಲಿಲ್ಲ ಅವರು. ಸಿಗ್ನಲ್ಲಿನಲ್ಲಿ ನಾನು ಎಂಜಿನ್ ಆರಿಸಿದ ಕೂಡಲೇ ಕ್ಲರ್ಕು, "ಕಾಕಾ, ಉಸರೂ ಬಂದ್ ಮಾಡ್ರಿ, ಸಾವ್ಕಾರ್ರು ಉಳಸ್ಲಿಕ್ಕತ್ತಾರ," ಅನ್ನುತ್ತಿದ್ದ. ದೇಹೂ ರಸ್ತೆ ದಾಟುವವರೆಗೆ ನಗು ನಿಲ್ಲುತ್ತಿರಲಿಲ್ಲ.

ಮುಂದೆ ಪೆಟ್ರೋಲು ಇನ್ನೂ ತುಟ್ಟಿಯಾಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ಓವರ್‌ಟೈಮ್ ದುಡಿದು ಗಾಡಿಗೆ ಗ್ಯಾಸ್ ಕಿಟ್ ಹಾಕಿಸಿದೆ. ಖರ್ಚು ಧಡಕ್ಕನೆ ಇಳಿಯಿತು. ಆ ವಾರ ಕ್ಲರ್ಕು ಪಾಲಿನ ರೊಕ್ಕ ಮುಂದೆ ಮಾಡಿದಾಗ ಅವನ ಕೈ ಹಿಂದಕ್ಕೆ ದೂಡಿದೆ.

"ಇಟಗೋರಿ. ಈಗ ಗ್ಯಾಸಿನ ಮ್ಯಾಲೆ ಓಡ್ತದ. ಇನ್ನ ಇಬ್ರೂ ಪುಕ್ಕಟೆ ಕೂಡ್ರಿ."

ಹಾಗೆ ಅನ್ನುವಾಗ ಎದೆ ಉಬ್ಬಿತ್ತು. ಡಿಗ್ರಿ ಓದಿದವರು ನನ್ನ ಗಾಡಿಯಲ್ಲಿ, ನನ್ನ ಖರ್ಚಿನಲ್ಲಿ!

ಮರುದಿನದಿಂದಲೇ ಗಾಡಿಯೊಳಗಿನ ಹವಾ ಬೇರೆಯಾಯಿತು. ಮೊದಲು ಹತ್ತು ಸಲ ಹಾರ್ನ್ ಹೊಡೆಸಿಕೊಂಡು ಬರುತ್ತಿದ್ದ ಕ್ಲರ್ಕು ಈಗ ಓಡುತ್ತ ಬಂದು "ತಪ್ಪಾತ್ರಿ" ಅನ್ನತೊಡಗಿದ. ಕಾಕಾ ಇಳಿದು ಗಾಡಿಯ ಗಾಜು ಒರೆಸತೊಡಗಿದರು. ಬ್ಯಾಡ್ರಿ ಅಂದರೂ ಕೇಳಲಿಲ್ಲ. ಮರಾಠಿ ಬಂದರೆ ಯಾರೂ ದಂಡ ಕೇಳಲಿಲ್ಲ. ಯಾವ ಪೆಟ್ರೋಲಿಗೆ ಕೇಳಬೇಕು? ಎಂಜಿನ್ ಆರಿಸಿದರೆ ಚೇಷ್ಟೆಯೂ ಇಲ್ಲ. ನನ್ನನ್ನು ಬೈಯುವ ಹಕ್ಕನ್ನು ನಾನೇ ಕಸಿದುಕೊಂಡಿದ್ದೆ. ಅದು ಆಗ ನನಗೆ ತಿಳಿಯಲಿಲ್ಲ.

ಮಳೆಗಾಲ ಮುಗಿಯುತ್ತಲೇ ಕ್ಲರ್ಕು ಸ್ಕೂಟರ್ ಕೊಂಡ. ದೀಪಾವಳಿ ಆದ ಮೇಲೆ ಕಾಕಾ, "ಬಸ್ಸಿನ್ಯಾಗ ನಿದ್ದಿ ಭಾಳ ಛಲೋ ಬರ್ತದಪಾ," ಅಂದರು.

ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. "ಪುಕ್ಕಟೆ ಕರಕೊಂಡು ಹೋದ್ರೂ ಬ್ಯಾಡಂತ ಇವ್ರಿಗೆ!"

ಅವಳು ಪಲ್ಯ ಹೆಚ್ಚುತ್ತ ಕೇಳಿದಳು: "ನಿಮ್ಮನ್ನ ಯಾರರ ದಿನಾ ಪುಕ್ಕಟೆ ಕರಕೊಂಡು ಹೋದ್ರ ನೀವು ಕೂಡ್ತಿದ್ರೇನ್ರಿ?"

ನಾನು ಕೂಡುತ್ತಿರಲಿಲ್ಲ. ನಡೆದಾದರೂ ಹೋಗುತ್ತಿದ್ದೆ.

ಮರುದಿನ ಬಸ್ ಸ್ಟಾಪಿನಲ್ಲಿ ಕಾಕಾ ಕಂಡರು, ಟಿಫಿನ್ ಡಬ್ಬಿ ಬಗಲಲ್ಲಿ. ಗಾಡಿ ಪಕ್ಕಕ್ಕೆ ಹಾಕಿದೆ. "ಕಾಕಾ, ಗ್ಯಾಸಿನ ಖರ್ಚು ನನಗೂ ಜಡ ಆಗೇದ, ಪಾಲು ಕೊಟ್ಟು ಬರ್ರಿ" ಅನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಸುಳ್ಳಾದರೇನು, ಅಷ್ಟು ಅಂದಿದ್ದರೆ ಸಾಕಿತ್ತು. ಆದರೆ ಜಡ ಆಗೇದ ಅನ್ನಲಿಕ್ಕೆ ನಾಲಿಗೆ ಏಳಲಿಲ್ಲ.

"ಹತ್ರಿ ಕಾಕಾ," ಅಂದೆ ಅಷ್ಟೇ.

"ಬ್ಯಾಡಪಾ, ಪಾಸ್ ತೆಗಸೇನಿ. ನೀ ನಡಿ, ನಿನಗ ತಡ ಆಗ್ತದ."

ಅಷ್ಟರಲ್ಲಿ ಬಸ್ಸು ಬಂತು. ಕಾಕಾ ಹತ್ತಿ ಕಿಟಕಿಯ ಹತ್ತಿರ ಕೂತು ಕೈ ಎತ್ತಿದರು, ಮನೆಗೆ ಬಂದು ಹೋಗುವ ಬೀಗರಿಗೆ ಎತ್ತುವ ಹಾಗೆ. ರಸ್ತೆ ಖಾಲಿ ಇತ್ತು. ಹಾರ್ನ್ ಹೊಡೆದು ಮುಂದೆ ಹೋಗಬಹುದಿತ್ತು. ತಳೇಗಾಂವ ಬರುವವರೆಗೂ ಆ ಬಸ್ಸಿನ ಹಿಂದೆಯೇ ಹೋದೆ.